ತೆಲೋನಳ ಬಾಣಂತನ

ಕಿನಾಸಿ ಬುಟ್ಟಿಯನ್ನು ತಂದು ನೇರವಾಗಿ ಊಟದ ಚಾಪೆಯ ಮೇಲೇ ಇಟ್ಟುಬಿಟ್ಟಳು. ಇಡಲಿಕ್ಕೆ ಬೇರೆ ಜಾಗ ಕಾಣಲಿಲ್ಲವೋ, ಇಲ್ಲ ಜಗಳ ಆಗುವುದಿದ್ದರೆ ಎಲ್ಲರೂ ಒಟ್ಟಿಗಿದ್ದಾಗಲೇ ಆಗಿಹೋಗಲಿ ಎಂದುಕೊಂಡಳೋ, ಆ ಹುಡುಗಿಯ ತಲೆಯೊಳಗೆ ಏನಿರುತ್ತದೆ ಎಂಬುದು ಹೆತ್ತ ತಾಯಿ ವುರ್ಯಾನಿಗೂ ತಿಳಿಯುತ್ತಿರಲಿಲ್ಲ. ಅನ್ನ, ತೆಂಗಿನ ಹಾಲಿನ ಸಾರು, ಹುರಿದ ಸೋಯಾ ತೆಂಪೆ, ಖಾರದ ಸಾಂಬಲ್ ಚಟ್ನಿ ಎಲ್ಲ ಬಡಿಸಿಯಾಗಿತ್ತು. ಬುಟ್ಟಿಯೊಳಗೆ ಏನೋ ಪರಪರ ಕೆರೆದ ಸದ್ದಾಯಿತು.

"ಏನೇ ಅದು?" ಎಂದ ಅಪ್ಪ ಪ್ರಮುದಿ, ಎತ್ತಿದ ತುತ್ತನ್ನು ಹಾಗೇ ಹಿಡಿದುಕೊಂಡು.

"ಬೆಕ್ಕು, ಪಾಕ್."

"ಒಂದೇನಾ?"

"ದೊಡ್ಡದು ಒಂದೇ."

"ಹಾಗಂದ್ರೆ?"

"ಚಿಕ್ಕವು ನಾಲ್ಕಿವೆ. ಇನ್ನೂ ಕಣ್ಣೂ ಬಿಟ್ಟಿಲ್ಲ, ಪಾಪ."

ಪ್ರಮುದಿ ತುತ್ತನ್ನು ತಟ್ಟೆಗೆ ಹಾಕಿದ. ಬೆಳಗಿನಿಂದ ಪೇಟೆಗೂ ಬಸ್‌ಸ್ಟ್ಯಾಂಡಿಗೂ ನಡುವೆ ಬಾಡಿಗೆ ವ್ಯಾನು ಓಡಿಸಿ, ಜನ ಹತ್ತಿಸಿ ಇಳಿಸಿ, ಗಂಟಲು ಹರಿದುಕೊಂಡು ಬಂದವನು. "ನಮಗೇ ಕಾಲು ಚಾಚೋಕೆ ಜಾಗ ಇಲ್ಲ. ಇವಳು ಬಾಣಂತಿ ಕರ್ಕೊಂಡು ಬಂದಿದಾಳೆ ನೋಡು," ಎಂದು ಹೆಂಡತಿಗೆ ದೂರು ಹೇಳಿದ.

"ಸಾಕೋಕಲ್ಲ, ಇಟ್ಕೊಳ್ಳೋಕೆ ಅಷ್ಟೆ," ಎಂದಳು ಕಿನಾಸಿ. ಅವಳು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಉಳಿದ ಹೊತ್ತೆಲ್ಲ ಬೀದಿಬೆಕ್ಕುಗಳನ್ನು ಎತ್ತಿ ಪೋಷಿಸುವ ಒಂದು ಗುಂಪಿನ ಜೊತೆ ಸುತ್ತಾಟ. ಮರಿಗಳು ಹಾಲು ಬಿಡುವ ತನಕ ಒಂದು ಮನೆ ಬೇಕು, ಆಮೇಲೆ ಎಲ್ಲಕ್ಕೂ ಗುಂಪಿನವರೇ ಮನೆ ಹುಡುಕುತ್ತಾರೆ, ತಾನು ಮಾತು ಕೊಟ್ಟಾಗಿದೆ ಎಂದಳು.

"ಯಾರನ್ನ ಕೇಳಿ ಕೊಟ್ಟೆ?" ಎಂದು ವುರ್ಯಾನಿ ಬಾಯಿ ತೆರೆಯುವಷ್ಟರಲ್ಲಿ ಮೂಲೆಯಿಂದ ಊತಿ ತೆವಳಿಕೊಂಡು ಬಂದಳು. ಊತಿ ಎಂದರೆ ಅಜ್ಜಿ. ಅವಳ ಹೆಸರು ಸುಕಿನೆಮ್ ಎಂಬುದು ಓಣಿಯಲ್ಲಿ ಯಾರಿಗೂ ನೆನಪಿರಲಿಲ್ಲ, ಎಲ್ಲರಿಗೂ ಊತಿಯೇ. ವುರ್ಯಾನಿ ಒಬ್ಬಳು ಮಾತ್ರ ಹೆತ್ತವಳನ್ನು ಮಾಕ್ ಎಂದು ಕರೆಯುತ್ತಿದ್ದಳು. ಊತಿ ಬುಟ್ಟಿಯ ಮುಚ್ಚಳ ಎತ್ತಿ ಬಗ್ಗಿ ನೋಡಿದಳು.

"ಅಯ್ಯೋ, ತೆಲೋನ್ ಕಣ್ರೇ!" ಎಂದಳು.

ಬಿಳಿ, ಕಪ್ಪು, ಕೆಂಚು, ಮೂರೂ ಬಣ್ಣ ಮೈಮೇಲಿರುವ ಬೆಕ್ಕಿಗೆ ಜಾವಾದವರು ಹಾಗೆನ್ನುತ್ತಾರೆ. ಮೂರು ಕೂಡಿದ್ದು ತೆಲೋನ್. ಅಂಥ ಬೆಕ್ಕು ತಾನಾಗಿ ಮನೆಗೆ ಬಂದರೆ ಒಳ್ಳೆಯದಾಗುತ್ತದೆ, ಓಡಿಸಿದರೆ ಕೆಟ್ಟದಾಗುತ್ತದೆ ಎಂದು ಊತಿ ಅಲ್ಲೇ ತೀರ್ಪು ಕೊಟ್ಟಳು. ತಾನಾಗಿ ಎಲ್ಲಿ ಬಂತು, ನಿಮ್ಮ ಮೊಮ್ಮಗಳು ಹೊತ್ತುಕೊಂಡು ಬಂದಳು ಎಂದು ಪ್ರಮುದಿ ಗೊಣಗಿದ. ಆದರೆ ಅತ್ತೆಯ ಎದುರು ಅವನ ಗೊಣಗಾಟ ಯಾವತ್ತೂ ತಟ್ಟೆಯ ಆಚೆ ದಾಟಿದ್ದಿಲ್ಲ.

ಊಟ ಮುಗಿದದ್ದೇ ಕಿನಾಸಿಯ ಕಾಯಿದೆ ಶುರುವಾಯಿತು. ಮನೆಯಲ್ಲಿರುವ ಮಾತ್ರೆ, ಸಿರಪ್ಪು, ಮುಲಾಮು ಎಲ್ಲ ಈಗಿಂದೀಗ ಹೊರಗೆ ಬರಬೇಕು.

"ನಮ್ಮ ಜ್ವರದ ಮಾತ್ರೆ ಒಂದು ಚೂರು ಹೊಟ್ಟೆಗೆ ಹೋದ್ರೂ ಬೆಕ್ಕು ಸತ್ತೇಹೋಗುತ್ತೆ. ಕೆಳಗೆ ಬಿದ್ದಿದ್ದನ್ನ ನೆಕ್ಕಿದ್ರೂ ಸಾಕು. ಹಾಲೂಡ್ತಿರೋ ಬೆಕ್ಕು ಬೇರೆ, ಅದು ತಿಂದಿದ್ದು ಮರಿಗಳಿಗೂ ಹೋಗುತ್ತೆ."

ವುರ್ಯಾನಿ ಹಪ್ಪಳ ತುಂಬಿಡುತ್ತಿದ್ದ ಬಿಸ್ಕತ್ತಿನ ತಗಡಿನ ಡಬ್ಬಿ ಖಾಲಿಯಾಯಿತು. ಅದರೊಳಕ್ಕೆ ಪ್ರಮುದಿಯ ತಲೆನೋವಿನ ಮಾತ್ರೆ, ಊತಿಯ ಬೀಪಿ ಮಾತ್ರೆ, ಯಾವ ಕಾಲದ್ದೋ ಕೆಮ್ಮಿನ ಸಿರಪ್ಪು ಎಲ್ಲ ಹೋಗಿ ಕೂತವು. ಡಬ್ಬಿ ಬೀರುವಿನ ನೆತ್ತಿಗೇರಿತು.

"ನಾನು ಮಾತ್ರೆಗೆ ಸ್ಟೂಲ್ ಹತ್ತಿ ಬಿದ್ದು ಸತ್ರೆ ಪರವಾಗಿಲ್ಲ, ಬೆಕ್ಕು ಬದುಕ್ಬೇಕು, ಅಲ್ವೇನೇ?" ಎಂದಳು ಊತಿ.

"ನಿಮಗೆ ನಾನು ದಿನಾ ಕೈಗೇ ಕೊಡ್ತೀನಿ, ಊತಿ."

"ನನಗೆ ತಲೆ ಸಿಡಿದ್ರೆ?" ಎಂದ ಪ್ರಮುದಿ.

"ಇಬುನ ಕೇಳಿ, ತೆಗ್ದು ಕೊಡ್ತಾರೆ," ಎಂದು ಕಿನಾಸಿ ತಾಯಿಯ ಕಡೆ ಕೈ ತೋರಿಸಿದಳು.

ಯಾರು ಕೇಳುತ್ತಾರೆ ಅಷ್ಟೆಲ್ಲ! ಮರುದಿನದಿಂದ ಪ್ರಮುದಿ ತಲೆನೋವಿಗೆ ಮಾತ್ರೆಯ ಗೋಜಿಗೇ ಹೋಗದೆ ದಿಂಬಿನ ಪಕ್ಕದ ಎಣ್ಣೆ ಬಾಟಲಿ ಎತ್ತಿ ಕಣತಲೆಗೆ ತಿಕ್ಕಿಕೊಳ್ಳತೊಡಗಿದ. ಆ ಮನೆಯಲ್ಲಿ ಎಣ್ಣೆ ಬಾಟಲಿ ಇಲ್ಲದ ದಿಂಬಿರಲಿಲ್ಲ. ಅದಕ್ಕೂ ತೆಲೋನ್ ಎಂದೇ ಹೆಸರು: ಕೊಬ್ಬರಿ ಎಣ್ಣೆ, ಸೋಂಪಿನ ಎಣ್ಣೆ, ನೀಲಗಿರಿ ಎಣ್ಣೆಯಂಥ ಬಿಳಿಮರದ ಎಣ್ಣೆ, ಮೂರೂ ಕೂಡಿದ್ದು. ಹುಟ್ಟಿದ ಕೂಸಿಗೆ ಮೊದಲು ಸೋಕುವುದು ಅದೇ. ಅವರ ಊರು ಸಾಲಾತಿಗಾ ಮೆರ್ಬಾಬು ಬೆಟ್ಟದ ಬುಡದಲ್ಲಿದೆ, ಬೆಟ್ಟದ ಕಡೆಯಿಂದ ಸಂಜೆಯಾದರೆ ತಣ್ಣನೆ ಗಾಳಿ ಇಳಿಯುತ್ತದೆ, ಮೈಯೊಳಗೆ ಗಾಳಿ ಹೊಕ್ಕರೆ ಕೆಮ್ಮು, ಹೊಟ್ಟೆಯುಬ್ಬರ, ಜ್ವರ ಎಲ್ಲ ಒಂದರ ಹಿಂದೊಂದು ಬರುತ್ತದೆ. ಹಚ್ಚಿಕೊಳ್ಳದೆ ಅಲ್ಲಿ ಯಾರೂ ಮಲಗುವುದಿಲ್ಲ.

ಬಾಟಲಿಯನ್ನು ಡಬ್ಬಿಗೆ ಹಾಕಬೇಕೆಂದು ಕಿನಾಸಿಗೆ ಹೊಳೆಯಲಿಲ್ಲ. ಉಪ್ಪನ್ನು ಯಾರಾದರೂ ಔಷಧಿ ಡಬ್ಬಿಗೆ ಹಾಕುತ್ತಾರೆಯೇ?

ಊತಿಯ ಕೈಗಳ ವಿಷಯ ಇಲ್ಲಿ ಹೇಳಲೇಬೇಕು. ಒಂದು ಕಾಲದಲ್ಲಿ ಆ ಸುತ್ತಿನ ಬಾಣಂತಿಯರನ್ನೂ ಕೂಸುಗಳನ್ನೂ ಎಣ್ಣೆ ತಿಕ್ಕಿ ನೀವುತ್ತಿದ್ದವಳು ಅವಳೇ. ಆ ಕೈಗೆ ಬಿದ್ದರೆ ಎಂಥ ಅಳುಬುರುಕ ಕೂಸೂ ಕಣ್ಣು ಮುಚ್ಚಿ ಮಲಗುತ್ತಿತ್ತು. ಈಚೆಗೆ ಹೆರಿಗೆ ಕೇಂದ್ರದಿಂದ ಬರುವ ಹೊಸ ತಾಯಂದಿರು ನರ್ಸಮ್ಮ ಬೇಡವೆಂದಳು ಎಂದು ಹೇಳಿ ಬಾಗಿಲಲ್ಲೇ ನಕ್ಕು ಕಳಿಸುತ್ತಿದ್ದರು. ಕರೆಯುವವರಿಲ್ಲದೆ ಊತಿಗೆ ಮೂಲೆಯಲ್ಲಿ ಕೂತು, ಮಗಳು ಮಾರುವ ಅನ್ನದ ಪೊಟ್ಟಣಕ್ಕೆ ಬಾಳೆಲೆ ಒರೆಸುವುದೊಂದೇ ಕೆಲಸವಾಗಿತ್ತು. ಅದೂ ಅವಳಿಗೆ ಇಷ್ಟವಿರಲಿಲ್ಲ, ಎಲೆಗಳು ಬೇಕೆಂದೇ ಹರಿಯುತ್ತಿದ್ದವು.

ಈಗ ಮನೆಯೊಳಗೇ ಒಬ್ಬಳು ಬಾಣಂತಿ ಬಂದು ಬಿದ್ದಿದ್ದಳು.

ಸಂಜೆ ನಮಾಜು ಮುಗಿಸಿ ಊತಿ ಬುಟ್ಟಿಯ ಪಕ್ಕ ಕಾಲು ನೀಡಿ ಕೂರುತ್ತಿದ್ದಳು. ಅಂಗೈಗೆ ಎಣ್ಣೆ ಬಿಟ್ಟುಕೊಂಡು, ಎರಡೂ ಕೈ ಉಜ್ಜಿ ಬೆಚ್ಚಗೆ ಮಾಡಿ, ಒಂದೊಂದೇ ಮರಿಯನ್ನು ಮೊಣಕಾಲ ಮೇಲೆ ಮಲಗಿಸಿ ಹೊಟ್ಟೆಗೆ, ಎದೆಗೆ, ಪುಟಾಣಿ ಪಾದಕ್ಕೆ ಸವರುತ್ತಿದ್ದಳು. ಆಮೇಲೆ ತಾಯಿಬೆಕ್ಕಿನ ಸೊಂಟ ನೀವುತ್ತಿದ್ದಳು.

"ನಾಲ್ಕು ಹೆತ್ತಿದೀಯ ಮಹರಾಯ್ತಿ, ಸೊಂಟ ನೋಯಲ್ವಾ? ತೆಲೋನ್‌ಗೆ ತೆಲೋನ್ ಎಣ್ಣೆ. ಹೆಸರು ನೋಡು ಹೇಗೆ ಹೊಂದ್ಕೊಂಡಿದೆ!"

ತೆಲೋನ್ ಕಣ್ಣು ಅರೆಮುಚ್ಚಿ ಗುರುಗುಟ್ಟುತ್ತಿತ್ತು. ಆಮೇಲೆ ಒಂದೊಂದೇ ಮರಿಯನ್ನು ನಾಲಿಗೆಯಿಂದ ನೆಕ್ಕಿ ನೆಕ್ಕಿ ಚೊಕ್ಕ ಮಾಡಿ, ತನ್ನ ಮೈಯನ್ನೂ ನೆಕ್ಕಿಕೊಂಡು, ಹಾಲೂಡಲು ಮಲಗುತ್ತಿತ್ತು. ಅಡುಗೆಮನೆಯ ಹೊಸಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದ ವುರ್ಯಾನಿ ಇದನ್ನೆಲ್ಲ ದಿನಾ ಕಣ್ಣಾರೆ ನೋಡುತ್ತಿದ್ದಳು. ನೋಡಿ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು. ಎಷ್ಟೋ ಕಾಲದ ಮೇಲೆ ತಾಯಿ ಹಾಡು ಗುನುಗಿದ್ದನ್ನು ಕೇಳಿದ್ದಳು. ಒಂದೆರಡು ಸಲ ಅವಳೇ ಹೋಗಿ ಬೆಕ್ಕು ಒದ್ದಾಡದಂತೆ ಹಿಡಿದುಕೊಂಡದ್ದೂ ಉಂಟು.

ಕಿನಾಸಿ ಅಂಗಡಿ ಮುಚ್ಚಿ ಬರುವಷ್ಟರಲ್ಲಿ ಬಾಣಂತನವೆಲ್ಲ ಮುಗಿದಿರುತ್ತಿತ್ತು. ಅವಳು ಬೆಕ್ಕಿಗೆ ಮೀನು ಬೇಯಿಸಿ, ಮುಳ್ಳು ಬಿಡಿಸಿ, ಉಪ್ಪಿಲ್ಲದೆ ತಿನ್ನಿಸಿ, ಡಬ್ಬಿ ಬೀರುವಿನ ಮೇಲಿದೆಯೇ ಎಂದು ನೋಡಿ ಮಲಗುತ್ತಿದ್ದಳು.

ಮರಿಗಳು ಕಣ್ಣು ಬಿಟ್ಟವು. ಅದಾದ ಸ್ವಲ್ಪ ದಿನಕ್ಕೆ ತೆಲೋನ್ ಮೀನು ಮೂಸಿ ಮುಖ ತಿರುಗಿಸಿತು. ಬಾಯಿಂದ ಜೊಲ್ಲು ಇಳಿಯಿತು. ನಡೆದರೆ ಮೈ ನಡುಗಿ ಹಿಂಗಾಲು ಎತ್ತಲೋ ಹೋಗುತ್ತಿತ್ತು. ಅತಿ ಚಿಕ್ಕ ಮರಿ ತಣ್ಣಗಾಗಿ, ಹಾಲು ಕುಡಿಯದೆ ಒಂದು ಕಡೆ ಬಿದ್ದಿತ್ತು. ಕಿನಾಸಿ ಗುಂಪಿನ ಪಶುವೈದ್ಯೆ ಡಾಕ್ಟರ್ ವಿದ್ಯಾಸ್ತುತಿಗೆ ಫೋನು ಹಚ್ಚಿ ಎಲ್ಲರಿಗೂ ಕೇಳುವಂತೆ ಇಟ್ಟಳು.

"ಮನುಷ್ಯರ ಔಷಧಿ ಏನಾದ್ರೂ ಕೊಟ್ರಾ? ಮನೇಲಿ ಎಲ್ಲರನ್ನೂ ಕೇಳಿ ಹೇಳಮ್ಮ," ಎಂದಿತು ಫೋನು.

ಕಿನಾಸಿ ಪೊಲೀಸಿನವಳಂತೆ ತಿರುಗಿದಳು. "ಪಾಕ್, ನೀವು?"

"ಡಬ್ಬಿ ಕಡೆ ಕತ್ತೆತ್ತಿ ನೋಡಿಲ್ಲ ಮಾರಾಯ್ತಿ."

"ಇಬು?"

"ಇಲ್ಲ ಕಣೇ. ನಾನ್ಯಾಕೆ ಕೊಡ್ಲಿ?"

"ಊತಿ? ನಿಜ ಹೇಳಿ. ಬೈಯಲ್ಲ."

"ದೇವರಾಣೆಗೂ ಇಲ್ಲ ಮಗಾ. ಔಷಧಿ ಗಿಷಧಿ ನಾನು ಮುಟ್ಟಿಯೇ ಇಲ್ಲ."

ಆವತ್ತು ಆ ಮನೆಯಲ್ಲಿ ಒಬ್ಬರೂ ಸುಳ್ಳು ಹೇಳಲಿಲ್ಲ. ಇದನ್ನು ಯಾರು ನಂಬಲಿ ಬಿಡಲಿ, ಹೇಳಿಬಿಡಬೇಕು. ಡಬ್ಬಿ ಇಳಿಸಿ ನೋಡಿದರು, ಮಾತ್ರೆಗಳೆಲ್ಲ ಇದ್ದಂತೆಯೇ ಇದ್ದವು. ಹಾಲೂಡುವ ಬೆಕ್ಕಿಗೆ ಕೆಲವೊಮ್ಮೆ ಮೈಯಲ್ಲಿ ಸುಣ್ಣದಂಶ ಇಳಿದು ಹೀಗೆ ನಡುಕ ಬರುವುದುಂಟು, ಬೆಚ್ಚಗಿಡಿ, ಬೆಳಗ್ಗೆ ಎದ್ದದ್ದೇ ಕರೆತನ್ನಿ ಎಂದು ವೈದ್ಯೆ ಹೇಳಿದರು.

"ಸುಣ್ಣವೂ ಇಲ್ಲ, ಬಣ್ಣವೂ ಇಲ್ಲ," ಎಂದಳು ಊತಿ ಫೋನು ಇಟ್ಟ ಮೇಲೆ. "ಬಾಣಂತಿಗೆ ಗಾಳಿ ಹೊಕ್ಕಿದೆ. ಈ ನಡುಕ ನಾನು ಕಾಣದ್ದಾ?"

ಬೆಚ್ಚಗಿಡಿ ಎಂದು ಡಾಕ್ಟರೇ ಹೇಳಿದ್ದರಲ್ಲ. ಕಿನಾಸಿ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಲು ಒಳಗೆ ಹೋದಾಗ ಊತಿ ಮಗಳಿಂದ ಬರೀ ಬಿಳಿಮರದ ಎಣ್ಣೆಯ ಬಾಟಲಿ ತರಿಸಿದಳು, ಅದು ಇನ್ನೂ ಖಾರ. ಬೆನ್ನಿಗೆ, ಹೊಟ್ಟೆಗೆ, ಕಿವಿಯ ಹಿಂದಕ್ಕೆ ಚೆನ್ನಾಗಿ ತಿಕ್ಕಿ, ಹಳೇ ಸರೋಂಗಿನ ತುಂಡು ಹೊದಿಸಿ ಬುಟ್ಟಿಯಲ್ಲಿ ಮಲಗಿಸಿದಳು. ಬಾಟಲಿ ತಂದು ಕೈಗೆ ಕೊಟ್ಟವಳು ವುರ್ಯಾನಿ.

ಬೆಳಗ್ಗೆ ಪ್ರಮುದಿ ಜನ ಹತ್ತಿಸದೆ ವ್ಯಾನು ತಂದು ಬಾಗಿಲಿಗೆ ನಿಲ್ಲಿಸಿದ. ಬೆಕ್ಕು ಬೇಡವೆಂದು ಗೊಣಗಿದವನೇ ಹೆಂಡತಿ ಮಗಳನ್ನು ಕೂರಿಸಿಕೊಂಡು ಕೆಂಪು ದೀಪ ಲೆಕ್ಕಿಸದೆ ಓಡಿಸಿದ. ದಾರಿಯಲ್ಲೇ ಚಿಕ್ಕ ಮರಿ ಸತ್ತುಹೋಯಿತು. ಕಿನಾಸಿ ಅದನ್ನು ಅಂಗೈಯಲ್ಲಿ ಹಿಡಿದುಕೊಂಡೇ ಇದ್ದಳು.

ವೈದ್ಯೆ ಬುಟ್ಟಿಯ ಮುಚ್ಚಳ ತೆಗೆದವರೇ ಮುಖ ಹಿಂದಕ್ಕೆ ಎಳೆದುಕೊಂಡರು.

"ಅಬ್ಬಾ! ಏನಿದು ವಾಸನೆ?"

"ಯಾವ ವಾಸನೆ ಡಾಕ್ಟ್ರೇ?" ಎಂದಳು ಕಿನಾಸಿ.

ವುರ್ಯಾನಿಯೂ ಮೂಸಿದಳು. ಯಾವ ವಾಸನೆಯೂ ಇರಲಿಲ್ಲ. ತಮ್ಮ ಮನೆ ಇದ್ದಂತೆ ಇತ್ತು.

"ಎಣ್ಣೆ. ಮೈತುಂಬ ಎಣ್ಣೆ ಹಚ್ಚಿದ್ದಾರೆ ಇದಕ್ಕೆ. ಯಾರು?"

"ತೆಲೋನ್ ಎಣ್ಣೆ," ಎಂದಳು ವುರ್ಯಾನಿ. "ಕೂಸುಗಳಿಗೆ ಹಚ್ಚೋದು."

"ನಿನ್ನೆ ಕೇಳಿದಾಗ ಔಷಧಿ ಏನೂ ಇಲ್ಲ ಅಂದ್ರಲ್ಲಮ್ಮ?"

"ಅದು ಔಷಧಿ ಅಲ್ವಲ್ಲ ಡಾಕ್ಟ್ರೇ."

ವೈದ್ಯೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂಗಿಯ ತೋಳು ಮಡಚಿ, ಪಾತ್ರೆ ತೊಳೆಯುವ ಸೋಪಿನಿಂದ ಬೆಕ್ಕನ್ನೂ ಮರಿಗಳನ್ನೂ ತೊಳೆಯುತ್ತಲೇ ಹೇಳಿದರು: ಬೆಕ್ಕು ಮೈಮೇಲೆ ಬಿದ್ದದ್ದನ್ನೆಲ್ಲ ನೆಕ್ಕುತ್ತದೆ, ಮರಿಗಳ ಮೈಮೇಲಿನದನ್ನೂ ನೆಕ್ಕುತ್ತದೆ. ಈ ಎಣ್ಣೆಯನ್ನು ಅರಗಿಸಿ ಹೊರಗೆ ಹಾಕುವ ಶಕ್ತಿ ಅದರ ಪಿತ್ತಜನಕಾಂಗಕ್ಕೆ ಇಲ್ಲ. ಹಾಗೇ ಒಳಗೆ ಸೇರುತ್ತಾ ಹೋಗುತ್ತದೆ. ಇದಕ್ಕೆ ಎದುರು ಮದ್ದಿಲ್ಲ. ತೊಳೆಯಬೇಕು, ಬೆಚ್ಚಗಿಡಬೇಕು, ಗ್ಲೂಕೋಸು ಹಾಕಿ ಕಾಯಬೇಕು.

ಕಾದರು. ಮಧ್ಯಾಹ್ನದ ಹೊತ್ತಿಗೆ ತೆಲೋನ್ ಹೋಯಿತು. ವೈದ್ಯೆ ಮೂರು ಮರಿಗಳನ್ನೂ ಸಿರಿಂಜನ್ನೂ ಬೆಕ್ಕಿನ ಹಾಲಿನಪುಡಿಯ ಡಬ್ಬಿಯನ್ನೂ ಕೈಗೆ ಕೊಟ್ಟು, ಇವಕ್ಕೆ ಆ ಎಣ್ಣೆಯ ಕೈ ಕೂಡ ಸೋಕಬಾರದು ಎಂದು ಹೇಳಿ ಕಳಿಸಿದರು.

ವ್ಯಾನಿನಲ್ಲಿ ವುರ್ಯಾನಿಯೇ ಮಗಳೊಡನೆ ಮಾತು ತೆಗೆದಳು. "ದುಕ್, ಊತಿಗೆ ಹೇಳೋದು ಬೇಡ."

"ಏನು ಹೇಳೋದು ಬೇಡ?"

"ಎಣ್ಣೆ ಅಂತ. ಹಾಲುಜ್ವರ ಬಂತು ಅನ್ನೋಣ."

"ಮತ್ತೆ ನಾಳೆ ಇವಕ್ಕೂ ತಿಕ್ತಾರಲ್ಲ?"

"ನಾನು ನೋಡ್ಕೋತೀನಿ."

"ನೀವು? ಇಷ್ಟು ದಿನ ಎದುರಿಗೇ ಕೂತು ನೋಡಿದ್ರಲ್ಲ ಇಬು, ಸಾಲದಾ?"

ಮಗಳನ್ನು ಗದರಿಸಲು ಬಾಯಿ ತೆರೆದ ಪ್ರಮುದಿ ಕನ್ನಡಿಯಲ್ಲಿ ಅವಳ ಮುಖ ನೋಡಿ ಗೇರು ಬದಲಿಸಿದ. ವುರ್ಯಾನಿಗೆ ಬೇಕಾಗಿದ್ದದ್ದು ಎರಡೇ. ಈ ಮೂರು ಮರಿ ಬದುಕಬೇಕು, ತಾಯಿಗೆ ತನ್ನ ಕೈಯಿಂದ ಆದದ್ದೇನೆಂದು ತಿಳಿಯಬಾರದು. ಆ ಎರಡೂ ಒಂದೇ ಮನೆಯಲ್ಲಿ ಇರಲಾರವು ಎಂದು ಒಳಗೊಳಗೇ ಅನಿಸುತ್ತಿತ್ತು. ಅನಿಸಿ ಏನು ಮಾಡುವುದು?

ಊತಿ ಬಾಗಿಲಲ್ಲೇ ನಿಂತಿದ್ದಳು. ಹಾಲುಜ್ವರ ಎಂದು ಕೇಳಿ ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡಳು.

"ನನಗೆ ಅನುಮಾನ ಇತ್ತು. ನಿನ್ನೆ ಇನ್ನೊಂದು ಸಲ ಹಚ್ಬೇಕಿತ್ತು ಕಣೇ ವುರ್. ನಿದ್ದೆ ಬಂದುಬಿಡ್ತು ನನಗೆ, ಹಾಳು ನಿದ್ದೆ."

ಕಿನಾಸಿ ಮರಿಗಳನ್ನು ಎತ್ತಿಕೊಂಡು ತನ್ನ ಕೋಣೆಗೆ ಹೋಗಿ ಚಿಲಕ ಹಾಕಿಕೊಂಡಳು.

ಅಂದಿನಿಂದ ಮನೆ ಮನೆಯಂತೆ ಇರಲಿಲ್ಲ. ಕಿನಾಸಿ ಅಂಗಡಿಗೆ ಹೋಗುವಾಗ ಹೊರಗಿನಿಂದ ಚಿಲಕ ಹಾಕಿ ತಾಯಿಗೆ ಕಣ್ಣಲ್ಲೇ ಎಚ್ಚರಿಕೆ ಹೇಳಿ ಹೋಗುತ್ತಿದ್ದಳು. ವುರ್ಯಾನಿ ಅನ್ನದ ಪೊಟ್ಟಣ ಕಟ್ಟುವುದರ ನಡುವೆ ಕೈ ತಿಕ್ಕಿ ತೊಳೆದುಕೊಂಡು, ಹಾಲು ಕಲಸಿ, ಸಿರಿಂಜಿನಲ್ಲಿ ಹನಿ ಹನಿ ಕುಡಿಸಿ, ಒದ್ದೆ ಹತ್ತಿಯಿಂದ ಕೆಳಗೆ ಸವರಿ ಉಚ್ಚೆ ಮಾಡಿಸಿ ಬರುತ್ತಿದ್ದಳು. ಸಾರು ತಳ ಹಿಡಿಯುತ್ತಿತ್ತು. ಗಿರಾಕಿಗಳು ಬಾಗಿಲಲ್ಲಿ ಕೂಗುತ್ತಿದ್ದರು. ತಾನೇ ರಾತ್ರಿ ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಟ್ಟಳು, ಭುಜದ ನೋವಿಗೆ ನರಳಿದಳು.

"ಆ ಮರಿ ನನ್ನ ಕೈಗೆ ಕೊಡ್ಬಾರ್ದಾ? ನಿನಗೆ ಒಲೆ ಮುಂದೆ ಕೆಲಸ ಇದೆ," ಎಂದಳು ಊತಿ.

"ಬೇಡ ಮಾಕ್. ಡಾಕ್ಟ್ರು ಒಬ್ಬರೇ ಮುಟ್ಟಿ ಅಂದಿದಾರೆ."

"ಒಬ್ಬರು ಅಂದ್ರೆ ನೀನೇ ಯಾಕೆ? ನಾನ್ಯಾಕಲ್ಲ?"

ವುರ್ಯಾನಿ ಸಿರಿಂಜು ತೊಳೆಯಲು ಬಚ್ಚಲಿಗೆ ಹೋದಳು. ಊಟಕ್ಕೆ ಕೂತಾಗ ಊತಿ ತಟ್ಟೆ ಎತ್ತಿಕೊಂಡು ಗೋಡೆಗೆ ಮುಖ ಮಾಡಿ ಉಣ್ಣತೊಡಗಿದಳು.

"ನಿಮಗಿಷ್ಟ ಅಂತ ಉಪ್ಪುಮೀನು ಹುರಿದಿದೀನಿ ಮಾಕ್, ಈ ಕಡೆ ತಿರುಗಿ."

"ಮೀನು ಬೆಕ್ಕಿಗೆ ಹಾಕು. ಈ ಮನೇಲಿ ನನಗಿಂತ ಅದಕ್ಕೆ ಮರ್ಯಾದೆ ಜಾಸ್ತಿ. ಊರ ಮಕ್ಕಳನ್ನೆಲ್ಲ ಈ ಕೈ ಎತ್ತಿ ಆಡಿಸಿದೆ. ಈಗ ಬೆಕ್ಕಿನ ಮರಿಗೂ ಬೇಡವಾಯ್ತು."

"ಹಾಗಲ್ಲ ಅತ್ತೆ," ಎಂದ ಪ್ರಮುದಿ.

"ಹೇಗೆ ಹಾಗಾದ್ರೆ? ನೀನೇ ಹೇಳಪ್ಪ."

ಪ್ರಮುದಿ ಹಪ್ಪಳ ಮುರಿಯುತ್ತ ಕೂತ.

ಆಗಬೇಕಾದದ್ದು ಒಂದು ಮಧ್ಯಾಹ್ನ ಆಯಿತು. ವುರ್ಯಾನಿ ಬಾಳೆಲೆ ತರಲು ಪೇಟೆಗೆ ಹೋಗಿದ್ದಳು. ಕೋಣೆಯೊಳಗೆ ಮರಿಯೊಂದು ಕಿರುಚುತ್ತಿತ್ತು, ನಿಲ್ಲಿಸಲೇ ಇಲ್ಲ. ಹಸಿದ ಕೂಸಿನ ಕಿರುಚಾಟವನ್ನು ಕೇಳಿಸಿಕೊಂಡು ಕೂರುವುದು ಊತಿಗೆ ಯಾವತ್ತಾದರೂ ಬಂದಿತ್ತೇ? ಚಿಲಕ ತೆಗೆದಳು. ವುರ್ಯಾನಿ ಬರುವಷ್ಟರಲ್ಲಿ ಕಿನಾಸಿಯೂ ಅಂಗಡಿಯಿಂದ ಊಟಕ್ಕೆ ಬಂದಿದ್ದಳು. ಊತಿ ಮರಿಯನ್ನು ಎದೆಗೆ ಅವಚಿಕೊಂಡು ಹಾಡುತ್ತಿದ್ದಳು. ಅದರ ಹೊಟ್ಟೆ ಎಣ್ಣೆಯಿಂದ ಮಿರಮಿರ ಹೊಳೆಯುತ್ತಿತ್ತು.

ಕಿನಾಸಿ ಮರಿಯನ್ನು ಕಿತ್ತುಕೊಂಡು ಬಚ್ಚಲಿಗೆ ಓಡಿದಳು. ನೀರು ಸುರಿಯುವ ಸದ್ದಿನ ನಡುವಿಂದಲೇ ಕಿರುಚಿದಳು.

"ತೆಲೋನ್ ಸತ್ತಿದ್ದು ನಿಮ್ಮ ಎಣ್ಣೆಯಿಂದ ಊತಿ! ಜ್ವರವೂ ಅಲ್ಲ, ಗಾಳಿಯೂ ಅಲ್ಲ. ನೆಕ್ಕಿ ನೆಕ್ಕಿ ಸತ್ತಿದ್ದು. ನೀವೇ ಕೊಂದಿದ್ದು!"

"ಕಿನಾಸಿ!" ಎಂದಳು ವುರ್ಯಾನಿ.

ಊತಿ ಮೊಮ್ಮಗಳ ಕಡೆ ನೋಡಲಿಲ್ಲ, ಮಗಳ ಕಡೆ ನೋಡಿದಳು.

"ಹೌದೇನೇ, ವುರ್?"

ಬಾಳೆಲೆಯ ಕಟ್ಟು ಇನ್ನೂ ವುರ್ಯಾನಿಯ ತಲೆಯ ಮೇಲೇ ಇತ್ತು. ಇಲ್ಲ ಎಂದುಬಿಡಬಹುದಿತ್ತು. ಇಲ್ಲ ಎಂದರೆ ನಾಳೆ ಮತ್ತೆ ಚಿಲಕ ತೆಗೆಯುತ್ತಾಳೆ.

"ಹೂಂ, ಮಾಕ್."

"ನಿನಗೆ ಅವತ್ತೇ ಗೊತ್ತಿತ್ತಾ?"

"ಹೂಂ."

"ಮತ್ತೆ ಹಾಲುಜ್ವರ ಅಂದೆ."

ಊತಿ ಮೆಲ್ಲಗೆ ಎದ್ದು ತನ್ನ ಮೂಲೆಗೆ ಹೋದಳು. ಸಂಜೆ ಕಿನಾಸಿ ಅತ್ತು ಅಜ್ಜಿಯ ಕಾಲ ಬಳಿ ಕೂತು ತಪ್ಪಾಯಿತು ಎಂದಳು. "ನೀನು ಸರಿಯಾಗೇ ಹೇಳ್ದೆ ಮಗಾ. ಇನ್ನೂ ಮೊದಲೇ ಹೇಳ್ಬೇಕಿತ್ತು," ಎಂದಳು ಊತಿ. ಅವಳ ತಲೆ ಸವರಲು ಕೈ ಎತ್ತಿದವಳು ಏನೋ ನೆನಪಾಗಿ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

ಮರಿ ಬದುಕಿತು. ಆದರೆ ಊತಿ ಆಮೇಲೆ ಯಾವುದನ್ನೂ ಮುಟ್ಟಲೊಲ್ಲಳು. ಅನ್ನದ ಪೊಟ್ಟಣ, ಬಾಳೆಲೆ, ನೀರಿನ ಲೋಟ ಕೂಡ ಬೇರೆಯವರು ಕೊಡಬೇಕು. ಬಚ್ಚಲಿಗೆ ಹೋಗಿ ಸೋಪು, ಒಲೆಯ ಬೂದಿ, ನಿಂಬೆಹಣ್ಣು ಹಾಕಿ ಕೈ ತಿಕ್ಕುತ್ತಿದ್ದಳು. ಬೆರಳ ಸಂದಿ ಒಡೆದು ರಕ್ತ ಜಿನುಗಿತು. ಎದುರುಮನೆಯ ಬೂ ತಾರ್ಮಿ ತನ್ನ ಮೊಮ್ಮಗನಿಗೆ ನೆಗಡಿ, ಸ್ವಲ್ಪ ಎದೆ ನೀವಿಕೊಡು ಊತಿ ಎಂದು ತಾನಾಗಿ ಬಂದು ಕರೆದಳು, ಎಷ್ಟೋ ಕಾಲದ ಮೇಲೆ ಬಂದ ಕರೆ. ಊತಿ ಬಾಗಿಲಿಗೇ ಬರಲಿಲ್ಲ.

ಮಳೆ ಹಿಡಿಯಿತು. ಮರಿಗಳು ಬುಟ್ಟಿಯ ಅಂಚು ಹತ್ತಿ ಹೊರಗೆ ಬೀಳುವಷ್ಟು ದೊಡ್ಡವಾದವು, ಗುಂಪಿನವರು ಮನೆಗಳನ್ನೂ ಹುಡುಕಿದರು. ಮೂರರಲ್ಲಿ ಒಂದು ಮರಿಗೆ ತಾಯಿಯ ಮೂರೂ ಬಣ್ಣ ಬಂದಿತ್ತು. ಅದು ಯಾರು ಬೈದರೂ, ಯಾರು ಓಡಿಸಿದರೂ, ಹೋಗಿ ಊತಿಯ ಕಾಲಿಗೇ ಮೈ ತಿಕ್ಕುತ್ತಿತ್ತು. ಊತಿ ಕಾಲು ಮಡಚಿಕೊಂಡು ಗೋಡೆಗೆ ಸರಿಯುತ್ತಿದ್ದಳು.

ತಣ್ಣೀರಲ್ಲಿ ಕೈ ತೊಳೆದೂ ತೊಳೆದೂ ಊತಿಗೆ ಕೆಮ್ಮು ಹತ್ತಿತು. ಮೈ ಬೆಂಕಿ, ಹಲ್ಲು ಕಟಕಟ. ಡಬ್ಬಿಯ ಮಾತ್ರೆ ನುಂಗಿಸಿದರೂ ನಡುಕ ನಿಲ್ಲಲಿಲ್ಲ. ಒಂದು ಮಧ್ಯಾಹ್ನ ವುರ್ಯಾನಿ ಸೋತು ಬಾಟಲಿಯನ್ನೂ ನಾಣ್ಯವನ್ನೂ ತಂದಳು. ಬೆನ್ನಿಗೆ ಎಣ್ಣೆ ಹಚ್ಚಿ ನಾಣ್ಯದ ಅಂಚಿನಿಂದ ಕೆಂಪಗಾಗುವ ತನಕ ಗೀರಿದರೆ ಹೊಕ್ಕ ಗಾಳಿ ಹೊರಡುತ್ತದೆ. ಅವಳಿಗೆ ಅದನ್ನು ಕಲಿಸಿದವಳೇ ಈ ತಾಯಿ.

"ಬೇಡ ಕಣೇ," ಎಂದಳು ಊತಿ.

"ಮರಿಗಳು ಕೋಣೆಯಲ್ಲಿವೆ. ಸುಮ್ನೆ ತಿರುಗಿ ಕೂತ್ಕೊಳ್ಳಿ."

ಊತಿ ಬೆನ್ನು ಬಿಚ್ಚಿ ಕೂತಳು. ವುರ್ಯಾನಿ ಗೀರತೊಡಗಿದಳು. ಬೆನ್ನಿನಲ್ಲಿ ಮೂಳೆ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಹೆಂಚಿನ ಮೇಲೆ ಮಳೆಯ ಸದ್ದು ಜೋರಾಗಿತ್ತು.

"ವುರ್."

"ಹೇಳಿ ಮಾಕ್."

"ನಾನು ತಿಕ್ಕಿದ ಕೂಸುಗಳಲ್ಲಿ ಕೆಲವು ಹೋದ್ವು. ನೆನಪಿದ್ಯಾ? ಬಾವಿ ಹತ್ರದ ಮನೇದು. ದರ್ಜಿ ಹೆಂಡತಿಯದು."

ವುರ್ಯಾನಿಯ ಕೈಯಲ್ಲಿ ನಾಣ್ಯ ನಿಂತಿತು. "ಅದೆಲ್ಲ ಯಾಕೀಗ? ಆಗ ಕೂಸುಗಳು ಹೋಗ್ತಾನೇ ಇದ್ವು. ಏನೇನೋ ಕಾಯ್ಲೆ."

"ಏನು ಕಾಯ್ಲೆ ಅಂತ ಯಾರಿಗೆ ಗೊತ್ತಿತ್ತು? ಗಾಳಿ ಹೊಕ್ಕಿದೆ ಅಂದವಳು ನಾನೇ. ಎಲ್ಲರೂ ಹೌದು ಅಂದ್ರು."

"ಮಾಕ್, ಬೆಕ್ಕಾದ್ರೆ ಮೈ ನೆಕ್ಕೊಳ್ಳುತ್ತೆ. ಅದಕ್ಕೆ ಹಾಗಾಯ್ತು. ಮನುಷ್ಯರ ಕೂಸು ಎಲ್ಲಾದ್ರೂ ನೆಕ್ಕೊಳ್ಳುತ್ತಾ?"

ಊತಿ ಸ್ವಲ್ಪ ಹೊತ್ತು ಕೆಮ್ಮಿದಳು.

"ಕೈ ಬಾಯಿಗಿಟ್ಕೊಂಡು ಚೀಪ್ತಾವಲ್ಲೇ," ಎಂದಳು.

ವುರ್ಯಾನಿ ಏನಾದರೂ ಹೇಳಬೇಕಿತ್ತು. ಡಾಕ್ಟರನ್ನು ಕೇಳೋಣ ಎಂದರೆ ಯಾವ ಡಾಕ್ಟರನ್ನು? ಏನೆಂದು ಕೇಳುವುದು? ಇಲ್ಲ ಎಂದರೆ ಈಗ ನಂಬುವವರು ಯಾರು, ಹಾಲುಜ್ವರ ಎಂದ ಬಾಯಿ ತಾನೇ ಇದು. ಅವಳು ಮತ್ತೆ ಗೀರತೊಡಗಿದಳು.

ಕೋಣೆಯ ಚಿಲಕ ಸರಿಯಾಗಿ ಬಿದ್ದಿರಲಿಲ್ಲ. ಮೂರು ಬಣ್ಣದ ಮರಿ ಸಂದಿಯಿಂದ ತೂರಿಕೊಂಡು ಬಂದು, ಯಾರೂ ನೋಡುವ ಮೊದಲೇ ಊತಿಯ ಸರೋಂಗು ಹಿಡಿದು ಹತ್ತಿ ಅವಳ ಮಡಿಲಲ್ಲಿ ಕೂತುಬಿಟ್ಟಿತು. ಊತಿ ಬೆಚ್ಚಿ ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿದಳು.

"ತಗೊಳ್ಳೇ! ವುರ್, ಬೇಗ ತಗೋ ಇದನ್ನ!"

ವುರ್ಯಾನಿ ಬಾಗಿದವಳು ತನ್ನ ಕೈ ನೋಡಿಕೊಂಡಳು. ಮುಂಗೈವರೆಗೂ ಎಣ್ಣೆ. "ತಡೀರಿ, ತೊಳ್ಕೊಂಡು ಬಂದೆ," ಎಂದು ಬಚ್ಚಲಿಗೆ ಓಡಿದಳು. ಪಾತ್ರೆಯ ಸೋಪು ಹಾಕಿ ತಿಕ್ಕಿದಳು, ನೀರು ಸುರಿದಳು, ಮತ್ತೆ ಸೋಪು ಹಾಕಿದಳು. ಒದ್ದೆ ಕೈ ಚಾಚಿಕೊಂಡು ಓಡಿ ಬಂದಳು.

"ಎಣ್ಣೆ ಹೋಯ್ತಾ?" ಎಂದಳು ಊತಿ. ಮರಿ ಎರಡು ಸುತ್ತು ತಿರುಗಿ, ಮೂಗನ್ನು ಬಾಲಕ್ಕೆ ಸೇರಿಸಿ ಮಲಗಿತ್ತು.

ವುರ್ಯಾನಿ ಅಂಗೈ ಮೂಸಿದಳು. ಕೈಯ ಹಿಂಬದಿ ಮೂಸಿದಳು. ಏನೂ ಇರಲಿಲ್ಲ. ಆವತ್ತು ವೈದ್ಯೆಯ ಮುಂದೆ ಬುಟ್ಟಿ ಮೂಸಿದಾಗಲೂ ಏನೂ ಇರಲಿಲ್ಲ.

"ಗೊತ್ತಾಗ್ತಿಲ್ಲ ಮಾಕ್."

"ಸರಿಯಾಗಿ ನೋಡೇ."

"ನನ್ನ ಮೂಗಿಗೆ ಗೊತ್ತಾಗಲ್ಲ ಮಾಕ್. ನನಗೆ ಗೊತ್ತಾಗಲ್ಲ."

ಕಿನಾಸಿ ಬರಲು ಇನ್ನೂ ಹೊತ್ತಿತ್ತು. ವುರ್ಯಾನಿ ಬಾಗಿಲಿಗೆ ಹೋಗಿ ಬೂ ತಾರ್ಮಿಯನ್ನು ಕೂಗಿದಳು, ಮಳೆಗೆ ಕೇಳಿಸಲಿಲ್ಲ. ಮರಳಿ ಬಂದು ತಾಯಿಯ ಎದುರು ಕೂತಳು, ತೊಳೆದ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು. ಮರಿ ಗುರುಗುಟ್ಟುತ್ತಿತ್ತು. ಊತಿ ಕೈ ಇಳಿಸಲಿಲ್ಲ.